ಇಲೇನಿಯಾ ಮದುವೆಗೆ ನಾನು ಕೊಟ್ಟ ಚೆಕ್ಕು

ನನಗೆ ಓದು ಬರಹ ಅಷ್ಟಕ್ಕಷ್ಟೆ. ಸನ್ಯಾಸಿನಿಯರ ಶಾಲೆಯಲ್ಲಿ ಮೂರು ವರ್ಷ, ಅದರಲ್ಲೂ ಒಂದು ವರ್ಷ ಗಂಟಲುಬಾವು. ಆದರೆ ಜ್ಞಾಪಕಶಕ್ತಿಯಲ್ಲಿ ಈ ಮಾರ್ಸಶ್ಲೋಕ್ ಬಂದರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನ ಮದುವೆಯಲ್ಲಿ ಯಾರು ಎಷ್ಟು ಬಾದಾಮಿ ಮಿಠಾಯಿ ಜೇಬಿಗಿಳಿಸಿದರೆಂದು ಇವತ್ತಿಗೂ ಹೆಸರು ಹಿಡಿದು ಹೇಳಬಲ್ಲೆ. (ನನ್ನ ನಾದಿನಿ ಚೆಟ್ಟೀನಾ, ಹದಿನಾಲ್ಕು.)

ಆ ಚೆಟ್ಟೀನಾಳ ಮೊಮ್ಮಗಳು ಇಲೇನಿಯಾಳ ಮದುವೆ ಬಂತು. ಉಡುಗೊರೆಗೆ ಚೆಕ್ಕೇ ಕೊಡುವುದೆಂದು ತೀರ್ಮಾನಿಸಿದೆ. ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ ನನ್ನ ಗಂಡ ಸಾವೆರ್ ಇದ್ದಷ್ಟು ದಿನ ಎಲ್ಲ ಮದುವೆಗೂ ಚೆಕ್ಕೇ. ಬರೆಯುವುದು ಅವನು, ಲಕೋಟೆಯ ಅಂಟು ನೆಕ್ಕುವುದು ನಾನು. ಅವನು ಹೋದ ಮೇಲೆ ಬ್ಯಾಂಕಿನವರು ನನ್ನೊಬ್ಬಳ ಹೆಸರಿಗೆ ಹೊಸ ಚೆಕ್ ಪುಸ್ತಕ ಕಳಿಸಿದ್ದರು. ಆರು ವರ್ಷ ಅದನ್ನು ಮುಟ್ಟಿರಲಿಲ್ಲ, ಭಯಭಕ್ತಿಯಿಂದ. ಒಂದು ಗೇಣು ಕಾಗದ. ಅದರ ಮೇಲೆ ಹೆಸರು ಗೀಚಿದರೆ ಎಲ್ಲೋ ಕಬ್ಬಿಣದ ಬಾಗಿಲ ಹಿಂದೆ ಮಲಗಿರುವ ದುಡ್ಡು ಎದ್ದು ಇನ್ನೊಬ್ಬರ ಮನೆಗೆ ನಡೆದುಹೋಗುತ್ತದೆ! ನಮ್ಮ ಸಂತರು ಕೂಡ ಇಷ್ಟು ಸಲೀಸಾಗಿ ಪವಾಡ ಮಾಡಿದ್ದು ನಾನು ಕೇಳಿಲ್ಲ.

"ಚೆಕ್ಕಾ, ಅತ್ತಿಗೆ?" ಚೆಟ್ಟೀನಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು ಸತ್ತು ಎಷ್ಟು ಕಾಲ ಆಯ್ತು! ಈಗೆಲ್ಲ ಫೋನ್ ಒತ್ತಿದ್ರೆ ಮುಗೀತು."

"ಸತ್ತಿದ್ರೆ ಚರ್ಚಿನಲ್ಲಿ ಗಂಟೆ ಹೊಡೀತಿದ್ರು. ನಂಗಂತೂ ಕೇಳಿಸ್ಲಿಲ್ಲ."

"ನಿಂಗೆ ಯಾವ ಗಂಟೆ ಕೇಳ್ಸತ್ತೆ ಬಿಡು."

ಹಟಕ್ಕೆ ಬಿದ್ದು ಇನ್ನೂರು ಯೂರೋಗೆ ಬರೆದೆ. ಕೊನೆಗೆ 'ಫಿಲೊಮೆನಾ ಜೆರಾಫಾ' ಎಂದು ಸಹಿ. ನನ್ನ ಸಹಿ ಸಕ್ಕರೆ ಡಬ್ಬಿಗೆ ಹೊರಟ ಇರುವೆ ಸಾಲಿನ ಹಾಗಿರುತ್ತದೆ. ಇರಲಿ, ನನ್ನದು.

ಮದುವೆಯಾಗಿ ಹತ್ತನೇ ದಿನ ಚೆಟ್ಟೀನಾ ಬಂದಳು. ಕೈಯಲ್ಲಿ ಅದೇ ಚೆಕ್ಕು.

"ಬ್ಯಾಂಕಿನೋರು ವಾಪಸ್ ಕಳ್ಸಿದಾರೆ. ಪಾಪ, ಹುಡುಗಿ ನಿಂಗೆ ಹೇಳೋಕೆ ನಾಚ್ಕೊಂಡ್ಳು."

"ನೀನು ನಾಚ್ಕೊಳ್ಲಿಲ್ವಾ?"

"ನಾನ್ಯಾಕೆ? ನಾನು ಮೊದ್ಲೇ ಹೇಳಿದ್ನಲ್ಲ!"

ಮದುವೆಯಲ್ಲಿ ಉಂಡು ಖೊಟ್ಟಿ ಕಾಗದ ಕೊಟ್ಟವಳು ಎಂದು ಹೆಸರಾದರೆ ಈ ಬಂದರಿನಲ್ಲಿ ಯಾರು ತಾನೇ ಮುಖ ಕೊಟ್ಟು ಮಾತಾಡಿಸುತ್ತಾರೆ? ಕರಿ ಉಡುಪು ತೊಟ್ಟು ಬ್ಯಾಂಕಿನ ಮೇಲೆ ದಂಡೆತ್ತಿ ಹೋದೆ.

"ಚೆಕ್ಕು ಸತ್ತಿದ್ರೆ ಪುಸ್ತಕ ಯಾಕಮ್ಮ ಕಳಿಸ್ತೀರಿ?" ಎಂದು ಕಿಟಕಿಯ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡೆ.

"ಚೆಕ್ಕಿಗೇನೂ ಆಗಿಲ್ಲ ಅಮ್ಮ, ಗಟ್ಟಿಮುಟ್ಟಾಗಿದೆ. ಸಹಿ ನಿಮ್ಮದಲ್ಲ."

"ನನ್ನ ಸಹಿ ನಂದಲ್ವಾ?"

ಅವಳು ಕಂಪ್ಯೂಟರಿನ ಮುಖವನ್ನು ನನ್ನ ಕಡೆ ತಿರುಗಿಸಿದಳು. ಮಾತೆ ಮರಿಯಾ! ನಲವತ್ತನಾಲ್ಕು ವರ್ಷದ ಹಿಂದೆ ಖಾತೆ ತೆರೆದಾಗಿನ ಕಾರ್ಡು, ಮೂಲೆಯ ಮಸಿ ಕಲೆಯ ಸಮೇತ, ಆ ಗಾಜಿನೊಳಗೆ ಹೊಳೆಯುತ್ತಿತ್ತು. ಮೇಲೆ ಸಾವೆರನ ಸಹಿ. ಕೆಳಗೆ ನನ್ನ ಹೆಸರು. ಮೊದಲಕ್ಷರ ದೋಣಿಯ ಮೂತಿಯಂತೆ ಎದ್ದು ನಿಂತಿದೆ, ಜೆರಾಫಾದ ಬಾಲ ಗಾಳದಂತೆ ಬಾಗಿ ಅಲೆಯಾಗಿ ಹರಿದಿದೆ. ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುವವನಲ್ಲದೆ ಇನ್ಯಾರೂ ಹಾಗೆ ಬರೆಯಲಾರರು.

ಆಗ ನೆನಪಾಯಿತು. ಕಂಕುಳಲ್ಲಿ ಮಗ ಕಿರುಚುತ್ತಿದ್ದ. ಪೆನ್ನನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ. ಸಾವೆರ್ ಪಿಸುಗುಟ್ಟಿದ್ದ: "ಕೊಡೇ ಇಲ್ಲಿ, ನಾನೇ ಬರೀತೀನಿ. ಇವ್ರಿಗೇನು ಗೊತ್ತಾಗತ್ತೆ?" (ಹದಿನಾಲ್ಕು ಮಿಠಾಯಿ ನೆನಪಿಟ್ಟ ತಲೆ ಇದನ್ನು ಎಲ್ಲಿ ಬೀಳಿಸಿಕೊಂಡಿತೋ!)

"ಹೊಸ ಸಹಿ ಕೊಟ್ಟುಬಿಡಿ ಅಮ್ಮ, ಎರಡು ನಿಮಿಷದ ಕೆಲಸ," ಎಂದಳು ಹುಡುಗಿ.

"ಹಳೇದು?"

"ತೆಗೆದುಹಾಕ್ತೀವಿ."

ನಾನು ಚೀಲದ ಬಾಯಿ ಮುಚ್ಚಿದೆ. "ಬೇಡ. ಅದೇ ಇರ್ಲಿ. ಅದರದೊಂದು ನಕಲು ಕೊಡು ಸಾಕು."

ಎಂಟು ದಿನ ಅಡುಗೆಮನೆಯ ಮೇಜಿನ ಮೇಲೆ ಮೀನು ಸುತ್ತಿ ತಂದ ಕಾಗದಗಳಲ್ಲಿ ನನ್ನದೇ ಸಹಿಯನ್ನು ನಕಲು ಮಾಡುವ ಮಹಾವಿದ್ಯೆ ಅಭ್ಯಾಸ ಮಾಡಿದೆ. ಮೊದಮೊದಲು ದೋಣಿ ಮುಳುಗಿತು, ಗಾಳ ಮುರಿಯಿತು. ಒಂಬತ್ತನೇ ದಿನ ಕೈ ತಾನಾಗಿ ತೇಲಿತು, ಅವನೇ ನನ್ನ ಬೆರಳು ಹಿಡಿದು ಎಳೆದ ಹಾಗೆ. ಹೊಸ ಚೆಕ್ ಬರೆದೆ. ಬ್ಯಾಂಕಿನಲ್ಲಿ ಪಾಸಾಗಿ ಹೋಯಿತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ!

ಚೆಟ್ಟೀನಾ ಚೀಸ್ ತುಂಬಿದ ಬಿಸಿ ಪಾಸ್ತೀತ್ಸಿ ಕಟ್ಟಿಸಿಕೊಂಡು ಬಂದು ಸೋಲೊಪ್ಪಿಕೊಂಡಳು. "ಬದುಕಿದೆ ಕಣೆ ನಿನ್ನ ಚೆಕ್ಕು," ಎಂದಳು. ನಾನು ಹದಿನಾಲ್ಕರ ಲೆಕ್ಕವನ್ನು ಆ ದಿನದ ಮಟ್ಟಿಗೆ ಮನ್ನಾ ಮಾಡಿದೆ.

ಮುಂದಿನ ವಾರ ಗುರುತಿನ ಚೀಟಿ ಹೊಸದು ಮಾಡಿಸಲು ಹೋದೆ. "ಇಲ್ಲಿ ಸಹಿ ಹಾಕಿ" ಎಂದರು. ಎದೆಯುಬ್ಬಿಸಿ ದೋಣಿ ತೇಲಿಸಿದೆ, ಗಾಳ ಬೀಸಿದೆ, ಅಲೆ ಎಬ್ಬಿಸಿದೆ. ಅಧಿಕಾರಿ ಹಳೆಯ ಚೀಟಿಯ ಇರುವೆ ಸಾಲನ್ನೂ ನನ್ನ ಸಮುದ್ರವನ್ನೂ ಮೂರು ಸಲ ನೋಡಿದ.

"ಅಮ್ಮ, ಇದು ಯಾರ ಸಹಿ?"

"ನನ್ನ ಗಂಡಂದು," ಅಂದುಬಿಟ್ಟೆ.

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ."

ಇರುವೆ ಸಾಲಿಗಾಗಿ ಈಗ ಮತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಮೂರು ದಿನವಾಯಿತು. ಕೈ ಮಾತು ಕೇಳುತ್ತಿಲ್ಲ.