ಬಣ್ಣದಣ್ಣನ ಮುಖಕ್ಕೆ ಎರಡು ಕೋಟ್

ಸರಕು ಎಂದು ನೋಡಿದರೆ ನಮ್ಮ ಬಣ್ಣದಣ್ಣ ಒಳ್ಳೆಯ ಮಾಲು. ಗಟ್ಟಿ ಮೈಕಟ್ಟು, ಖಾಲಿ ಡಬ್ಬ ಬಡಿದಂಥ ಖಣಖಣ ದನಿ, ಬಾಳಿಕೆಯಲ್ಲೂ ಮೋಸವಿಲ್ಲ. ಹೊರಗಿನ ಪ್ಯಾಕಿಂಗ್ ಮಾತ್ರ ಕೆಟ್ಟಿತ್ತು. ಹಗಲೆಲ್ಲ ಬಣ್ಣ, ಥಿನ್ನರುಗಳ ನಡುವೆ ನಿಂತು ಕೆನ್ನೆ ಒಣಗಿ, ಬಿರುಕು ಬಿಟ್ಟು, ಹೊಟ್ಟು ಏಳುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಸೋಪು, ಎಣ್ಣೆ, ಕ್ರೀಮು ಮಾರುವ ನನ್ನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಆದರೆ ಮೊದಲು ಬಾಯಿ ಬಿಟ್ಟವರು ಅವರ ಹೆಂಡತಿ, ನಮ್ಮ ಅತ್ತಿಗೆ. ಬಣ್ಣದಂಗಡಿಯ ಗಲ್ಲಾದಲ್ಲಿ ಕೂರುವವರು ಅವರೇ.

"ನಾಳೆ ಶಾಲೆಯ ದೊಡ್ಡ ಮೇಡಂ ಬರ್ತಾರೆ. ಇಡೀ ಕಟ್ಟಡಕ್ಕೆ ಬಣ್ಣ. ಈ ಆರ್ಡರ್ ಮೂಲೆ ಅಂಗಡಿಯವರ ಪಾಲಾಯ್ತೋ, ನಾವು ಶಟರ್ ಎಳೆದು ಮನೇಲಿ ಕೂರೋದೇ."

"ಬರಲಿ ಬಿಡು. ನಾನಿಲ್ವಾ?"

"ನೀವಿರೋದೇ ಯೋಚನೆ! ಸುಣ್ಣ ಉದುರೋ ಗೋಡೆ ಥರ ಮುಖ ಇಟ್ಕೊಂಡು, 'ನಮ್ಮ ಬಣ್ಣ ಉದುರಲ್ಲ ಮೇಡಂ' ಅಂದ್ರೆ ಯಾರು ನಂಬ್ತಾರೆ?"

ಅಣ್ಣನ ಮಾನಕ್ಕೆ ಪೆಟ್ಟು ಬಿತ್ತು. "ನೋಡ್ತಾ ಇರು! ನಾಳೆ ಈ ಮುಖ ಕಂಡು ಕನ್ನಡಿಯೇ ನಾಚ್ಕೋಬೇಕು!" ಎಂದು ಶಪಥ ಮಾಡಿ ನೆಟ್ಟಗೆ ನನ್ನಲ್ಲಿಗೆ ಬಂದರು.

ನಾನು ಒಂದು ಪುಟ್ಟ ಶೀಶೆ ತೆಗೆದಿಟ್ಟೆ. ಎತ್ತರದ ಬೆಟ್ಟದ ಚಳಿಯಲ್ಲಿ, ಮುಳ್ಳುಗಿಡದ ಮೇಲೆ ಗೊಂಚಲು ಗೊಂಚಲಾಗಿ ಬಿಡುವ ಕಿತ್ತಳೆ ಬಣ್ಣದ ಹಣ್ಣಿನ ಎಣ್ಣೆ. ಸತ್ವ ಬೇಕಾದಷ್ಟಿದೆ, ಒಣ ಚರ್ಮಕ್ಕೆ ಹಿತ. ಇಷ್ಟು ನಿಜ. ಇಷ್ಟಕ್ಕೇ ನಿಂತರೆ ಅದು ವ್ಯಾಪಾರಿಯ ನಾಲಿಗೆಯೇ? "ಇದನ್ನ ಹಚ್ಚಿದ್ರೆ ಕಲ್ಲಿಗೂ ಕಳೆ ಬರುತ್ತೆ ಅಣ್ಣಾ! ಎರಡೇ ಹನಿ, ಬೇರೆ ಎಣ್ಣೆಯಲ್ಲಿ ಬೆರೆಸಿ..." ಎನ್ನುವಷ್ಟರಲ್ಲಿ ಅಣ್ಣ ಮೆಟ್ಟಿಲಿಳಿದು ಹೋಗಿದ್ದರು. ಕಲ್ಲಿನ ಮಾತು ಕಿವಿಗೆ ಬಿದ್ದಿತ್ತು, ಹನಿಯ ಮಾತು ಬಿದ್ದಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಬಚ್ಚಲಿನ ಕನ್ನಡಿಯ ಮುಂದೆ ಅಣ್ಣ ತಮ್ಮ ಕಸುಬಿನ ಶಾಸ್ತ್ರವನ್ನೆಲ್ಲ ಪ್ರಯೋಗಿಸಿದರು. ಮೊದಲು ಒರಟು ಟವೆಲಿನಿಂದ ಕೆರೆದು ಮೇಲ್ಮೈ ಹದಮಾಡಿದರು. ಆಮೇಲೆ ಹೊಸ ಬ್ರಷ್ಷನ್ನು ಶೀಶೆಗೆ ಅದ್ದಿ ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಎಳೆದರು. ಫ್ಯಾನಿನ ಮುಂದೆ ಕೂತು ಒಣಗಿಸಿಕೊಂಡರು. ಒಂದೇ ಕೋಟ್ ಕೊಟ್ಟರೆ ಒಳಗಿನ ಗೋಡೆ ಇಣುಕುತ್ತದೆಂದು ಶೀಶೆ ಬರಿದಾಗುವವರೆಗೆ ಎರಡನೆಯದನ್ನೂ ಬಳಿದು, ಹಾಯಾಗಿ ಮಲಗಿದರು.

ಬೆಳಗ್ಗೆ ಅತ್ತಿಗೆ ಕಿರುಚಿದ್ದು ನನ್ನ ಅಂಗಡಿಗೆ ಕೇಳಿಸಿತು.

"ಅಯ್ಯಯ್ಯೋ! ಯಾರ್ರೀ ನೀವು?"

"ನಾನೇ ಕಣೇ!"

"ದನಿಯೇನೋ ನಿಮ್ದೇ. ತಲೆ ಯಾವ ತೋಟದ್ದು?"

ನಾನು ಓಡಿಹೋಗಿ ನೋಡಿದರೆ ಸಾಕ್ಷಾತ್ ಕಿತ್ತಳೆ ಹಣ್ಣು, ಮೀಸೆ ಸಮೇತ! ಅತ್ತಿಗೆ ಸೋಪು ಹಾಕಿ ತಿಕ್ಕಿದರು. ಸೋಪು ಕಿತ್ತಳೆಯಾಯಿತು, ಟವೆಲ್ ಕಿತ್ತಳೆಯಾಯಿತು. ಅಣ್ಣ ಮಾತ್ರ ಇದ್ದಂತೆಯೇ ಇದ್ದರು.

"ಬಿಡೇ. ಬಣ್ಣದ ವಿಷಯ ನನಗೆ ಹೇಳ್ಕೊಡ್ಬೇಡ," ಎಂದರು ಗಂಭೀರವಾಗಿ. "ಕಿತ್ತಳೆ ಹೆಚ್ಚಾದ್ರೆ ಎದುರು ಬಣ್ಣ ಹಾಕಿ ಇಳಿಸ್ಬೇಕು. ಕಿತ್ತಳೆಗೆ ಎದುರು ನೀಲಿ!"

"ಅದು ಡಬ್ಬದ ಮಾತು ರೀ, ಮುಖದ್ದಲ್ಲ!"

ಅತ್ತಿಗೆ ಇನ್ನೊಂದು ಟವೆಲ್ ತರಲು ತಿರುಗಿದ್ದೇ ತಡ, ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಅಣ್ಣನ ಅಂಗೈಗೆ ಬಗ್ಗಿ, ಅಂಗೈ ಮುಖಕ್ಕೇರಿತ್ತು. ಶಾಸ್ತ್ರ ಸುಳ್ಳಾಗಲಿಲ್ಲ. ಕಿತ್ತಳೆ ಹೋಯಿತು, ನೀಲಿಯೂ ಹೋಯಿತು. ಉಳಿದದ್ದು ಹಸಿ ಸಿಮೆಂಟು! ಅತ್ತಿಗೆ ಮತ್ತೆ ತಿಕ್ಕಿ ತಿಕ್ಕಿ ಸೋತರು, ಅದೂ ಹೋಗಲಿಲ್ಲ.

ಅಷ್ಟರಲ್ಲಿ ಅಂಗಡಿಯ ಮುಂದೆ ಕಾರು ನಿಂತಿತು; ಮೂವರೂ ಅಂಗಡಿಗೆ ಓಡಿದೆವು. ಅಣ್ಣ ಡಬ್ಬಗಳ ರಾಶಿಯ ಹಿಂದೆ ಕುಕ್ಕರಿಸಿದರು. ಮೇಡಂ ಒಳಗೆ ಬಂದವರೇ, "ಎಲ್ಲ ಅಂಗಡಿಯಲ್ಲೂ ಬಿಳಿ, ಕೆನೆ, ಗುಲಾಬಿ ತೋರಿಸ್ತಾರೆ. ನನಗೆ ಕಾರಿಡಾರಿಗೆ ಮಕ್ಕಳ ಕೈ ಗುರುತು ಕಾಣದಂಥ ಬಣ್ಣ ಬೇಕು. ಇದ್ರೆ ತೋರಿಸಿ, ಇಲ್ದಿದ್ರೆ ಮೂಲೆ ಅಂಗಡಿಗೆ ಹೋಗ್ತೀನಿ," ಎಂದರು.

ಅತ್ತಿಗೆ ಡಬ್ಬಗಳ ಕಡೆ ತಿರುಗಿ, "ರೀ, ಎದ್ದು ಬನ್ನಿ," ಎಂದರು.

ಡಬ್ಬಗಳ ಮೇಲೆ ಒಂದು ಬೂದು ತಲೆ ಮೂಡಿತು. ಮೇಡಂ ಕನ್ನಡಕ ಏರಿಸಿಕೊಂಡರು.

"ಇದು ಯಾವ ಬಣ್ಣ?"

"ಇದು ಹೊರದೇಶದ ಹೊಸ..." ಎಂದು ಅಣ್ಣ ಶುರು ಮಾಡುವಷ್ಟರಲ್ಲಿ ಅತ್ತಿಗೆ ತಡೆದರು. "ಇದಕ್ಕೆ ಹೆಸರಿಲ್ಲ ಮೇಡಂ. ಇವರೇ ಕಲಸಿದ್ದು, ಇವರೇ ಬಳ್ಕೊಂಡಿದ್ದು."

"ತೊಳೆದರೆ ಹೋಗುತ್ತಾ?"

"ಬೆಳಗ್ಗೆಯಿಂದ ಉಜ್ತಾ ಇದೀನಿ. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

"ಕೈ ಗುರುತು?"

"ಉಜ್ಜುವಾಗ ಸಿಟ್ಟಿಗೆ ಕೈ ಸ್ವಲ್ಪ ಜೋರಾಗೇ ಬಿತ್ತು. ಕಾಣುತ್ತಾ ನೋಡಿ."

ಮೇಡಂ ಬಗ್ಗಿ ಎರಡೂ ಕೆನ್ನೆ ಪರೀಕ್ಷಿಸಿದರು. "ಇಲ್ಲ! ಗೋಡೆಯಲ್ಲಿ ಬಿರುಕಿದ್ರೆ?"

"ನಿನ್ನೆವರೆಗೂ ಇಲ್ಲೆಲ್ಲ ಹೊಟ್ಟು ಏಳ್ತಿತ್ತು. ಈಗ ನುಣ್ಣಗಿದೆ. ಆದ್ರೆ ಅದು ನಮ್ಮ ಬಣ್ಣದ ಗುಣ ಅಲ್ಲ ಮೇಡಂ, ಪಕ್ಕದ ಅಂಗಡಿಯ ಹಣ್ಣಿನೆಣ್ಣೆದು. ಗೋಡೆಗೆ ಬಿರುಕು ಮುಚ್ಚೋ ಪುಟ್ಟಿ ಬೇರೆ ಹಾಕ್ಲೇಬೇಕು."

ಮೇಡಂ ಮೊದಲ ಬಾರಿಗೆ ನಕ್ಕರು. "ಇಷ್ಟು ನೇರವಾಗಿ ಯಾರೂ ಹೇಳಿರ್ಲಿಲ್ಲ. ಕೆಲಸ ನಿಮಗೇ. ಆದ್ರೆ ಗೋಡೆಗೂ ಸರಿಯಾಗಿ ಇದೇ ಶೇಡ್ ಬರ್ಬೇಕು, ಹೇಗೆ ಹೊಂದಿಸ್ತೀರಿ?"

"ಇವರನ್ನೇ ಕಳಿಸ್ಕೊಡ್ತೀನಿ. ಗೋಡೆ ಪಕ್ಕ ನಿಲ್ಲಿಸ್ಕೊಳ್ಳಿ."

ಜೀವಮಾನವೆಲ್ಲ ಗಿರಾಕಿಗಳ ಮುಂದೆ ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಹಿಡಿದ ಬಣ್ಣದಣ್ಣ, ಆ ವಾರ ಶಾಲೆಯ ಕಾರಿಡಾರಿನಲ್ಲಿ ತಾವೇ ಶೇಡ್ ಕಾರ್ಡಾಗಿ ನಿಂತರು. ಅತ್ತಿಗೆ ಅಂದು ಆಡಿದ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಸುಳ್ಳಾಡದೆಯೂ ಮಾರಬಹುದು ಎಂದು ನಾನು ಕಲಿತದ್ದು ಅವರಿಂದ. ಅಷ್ಟಕ್ಕೆ ನಾನು ಅವರಿಗೆ ಋಣಿ.