ತೊಟ್ಟಿಯ ಬಾಣಂತನ

ಕೊಳಕು ನೀರಿನ ಜೊತೆ ಸಂಸಾರ ಮಾಡುವವನು ನಗುವುದಕ್ಕೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ತ್ಯಾಜ್ಯನೀರಿನ ಉಸ್ತುವಾರಿ. ಮುಚ್ಚಿದ ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಹುಳುಗಳು ಕೊಳೆ ತಿಂದು ಗ್ಯಾಸ್ ಬಿಡುತ್ತವೆ. ಮೇಲಿನ ಕೊಳವೆಯಲ್ಲಿ ಅದು ಉರಿಯುತ್ತಿದ್ದರೆ ಎಲ್ಲ ಕ್ಷೇಮ. ಚಳಿ ಬಂದರೆ ಈ ಸಾಧು ಹುಳುಗಳು ಮುದುಡಿಕೊಳ್ಳುತ್ತವೆ. ನೀರಿನಲ್ಲಿರುವ ಸಲ್ಫೇಟ್ ಎಂಬ ಉಪ್ಪಿನ ಮೇಲೆ ಬದುಕುವ ಪೋಕರಿ ಹುಳುಗಳಿಗೆ ಮಾತ್ರ ಚಳಿಯ ಪರಿವೆಯಿಲ್ಲ. ಅವು ಬಿಡುವುದು ಕೊಳೆತ ಮೊಟ್ಟೆಯ ನಾತ.

೧. ಮೊಟ್ಟೆ

ನಾತ ಶುರುವಾದ ದಿನ ಪಕ್ಕದ ಕ್ಯಾಂಟೀನಿನ ಅಡುಗೆಯವನು ಇದ್ದ ಮೊಟ್ಟೆಯನ್ನೆಲ್ಲ ಚೆಲ್ಲಿದ. ಮರುದಿನ ಹೊಸದು ತಂದ, ಅದನ್ನೂ ಚೆಲ್ಲಿದ. ಮೂರನೇ ದಿನ ಮೊಟ್ಟೆ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು ಬಂದ. ಆಗ ನಾನು ನಿಜ ಹೇಳಿದೆ.

"ಮೊದ್ಲೇ ಹೇಳ್ಬಾರ್ದಾ ಸಾ? ಅಂಗ್ಡಿಯೋನು ನನ್ನ ಹೆಂಡ್ತಿ ಅಣ್ಣ."

೨. ಪಥ್ಯ

ಅಷ್ಟರಲ್ಲಿ ತೊಟ್ಟಿಯ ಬೆಂಕಿ ಪೂರ್ತಿ ಆರಿತು. ಇನ್ನು ಹದಿನೈದು ದಿನಕ್ಕೆ ಮಾಲಿನ್ಯ ತಪಾಸಣೆಯ ಅಧಿಕಾರಿ ಬರುವವರಿದ್ದರು. "ಅವತ್ತು ಬೆಂಕಿ ಉರೀದಿದ್ರೆ ನಿಮ್ಮ ಕೆಲಸ ಇಲ್ಲ," ಎಂದರು ಮ್ಯಾನೇಜರು.

ನಮ್ಮ ಹಿರಿಯ ಆಪರೇಟರು ಪಕ್ಕದ ಸಾನಮಾವು ಹಳ್ಳಿಯ ಯಜಮಾನರು, ಮನೆಯಲ್ಲಿ ನಾಲ್ಕು ಹಸು. "ಇದು ಈದ ಹಸ ಇದ್ದಂಗೆ ಸಾ. ಬೆಚ್ಚಗಿಕ್ಕಿ, ಬೆಲ್ಲ ತಿನ್ಸಿ. ಹತ್ತು ದಿನ ಹೊರಗಿನೋರ ಕಣ್ಣು ಬೀಳ್ಬಾರ್ದು," ಎಂದರು. ತೊಟ್ಟಿಗೆ ಗೋಣಿಚೀಲ ಹೊದಿಸಿ, ಬಿಸಿನೀರು, ಬೆಲ್ಲ, ಹಸಿ ಸಗಣಿ ಕೊಟ್ಟರು. ವಾರದೊಳಗೆ ಬೆಂಕಿ ಹತ್ತಿತು. ನಾನು ವರ್ಷಗಟ್ಟಲೆ ಓದಿದ ಪುಸ್ತಕಗಳಲ್ಲಿದ್ದದ್ದೂ ಇಷ್ಟೇ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

೩. ತಪಾಸಣೆ

ಅಧಿಕಾರಿ ಮುಂಚೆಯೇ ಬಂದುಬಿಟ್ಟರು, ಪಥ್ಯದ ಒಂಬತ್ತನೇ ದಿನಕ್ಕೆ. ಯಜಮಾನರು ಏಣಿಗೆ ಅಡ್ಡ ನಿಂತರು. "ನಾಳೆ ಬನ್ನಿ ಸಾ. ಇನ್ನೊಂದಿನ ಐತೆ."

ಅಧಿಕಾರಿ ಅವರನ್ನು ಸರಿಸಿ ಹತ್ತಿದರು, ಹಿಂದೆಯೇ ನಾನೂ. "ಅಬ್ಬಾ, ಎಷ್ಟು ಚೆನ್ನಾಗಿ ಉರೀತಿದೆ," ಎಂದರು. ಬೆಂಕಿ ಪಕ್ಕನೆ ಆರಿತು.

"ಕಣ್ಣಾಕ್ದೋರೇ ಮೂರ್ಸಲ ಉಗೀಬೇಕು ಸಾ," ಎಂದರು ಯಜಮಾನರು ಕೆಳಗಿನಿಂದ.

ಅಧಿಕಾರಿ ಅತ್ತ ಇತ್ತ ನೋಡಿ, ಮೆಲ್ಲಗೆ ಥೂ ಥೂ ಥೂ ಎಂದರು. ನಾನು ಮತ್ತೆ ಕಡ್ಡಿ ಗೀರಿದೆ. ಭಗ್ಗನೆ ಹತ್ತಿತು. ಆರಿಸಿದ್ದು ಗಾಳಿ ಎಂದು ವಿವರಿಸಲು ಹೋದರೆ ಅವರು ಕೇಳಿಸಿಕೊಳ್ಳಲಿಲ್ಲ.

ಮರುವರ್ಷದ ಚಳಿಗೂ ಅದೇ ಅಧಿಕಾರಿ ಬಂದರು. ಏಣಿ ಹತ್ತಲಿಲ್ಲ. ತೊಟ್ಟಿಗೆ ಬೆನ್ನು ಹಾಕಿ ನಿಂತು, ಫೈಲು ಬಿಚ್ಚಿ ಕೇಳಿದರು: "ಉರೀತಿದೆಯಾ?"

"ಉರೀತಿದೆ ಸರ್."

"ಪರವಾಗಿಲ್ಲ ಅಂತ ಬರೀತೀನಿ. ಚೆನ್ನಾಗಿದೆ ಅಂತ ಮಾತ್ರ ಬರೆಯಲ್ಲಪ್ಪ."