ಅರ್ಧ ಸುತ್ತು

ಭಾನುವಾರದ ಪತ್ರಿಕೆಯ ಏಳನೇ ಪುಟದಲ್ಲಿ, ಬಾಡಿಗೆ ಮನೆಗಳಿಗೂ ನಾಯಿಮರಿಗಳಿಗೂ ನಡುವೆ, ಮೂರು ಸಾಲಿನ ಒಂದು ಜಾಹೀರಾತು ಬಂದಿತ್ತು. ‘ಅರವತ್ತು ವರ್ಷ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡು ಸೀಟು, ಕಡು ಹಸಿರು ಬಣ್ಣ, ಬಹಳ ಜೋಪಾನವಾಗಿ ಇಟ್ಟಿದ್ದು. ಸ್ವಲ್ಪ ಕೆಲಸ ಬಾಕಿ. ಇಂದೇ ಬಂದು ನೋಡಬಹುದು.’ ಅದರ ಕೆಳಗೆ ತನ್ನದೇ ಮನೆಯ ವಿಳಾಸವನ್ನು ಓದಿದ ಕನ್ನಡಕಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದುದರಿಂದ ಬೀದಿಯವರು ಅವನಿಗೆ ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

“ಇದನ್ನ ಯಾರು ಕೊಟ್ಟಿದ್ದು?” ಎಂದು ಕೇಳಿದ.

“ಹೋದ ತಿಂಗಳು ಮಾರೋಣವಾ ಅಂದಾಗ ಹೂಂ ಅಂದ್ರಲ್ಲ,” ಎಂದಳು ಹೆಂಡತಿ, ಒಲೆಯ ಕಡೆಯಿಂದ ತಿರುಗದೆ.

“ನಾನು ಎಲ್ಲದಕ್ಕೂ ಹೂಂ ಅಂತೀನಿ.”

“ಹಾಗಾದ್ರೆ ಇದಕ್ಕೂ ಅಂದ ಹಾಗಾಯ್ತು.” ಆಮೇಲೆ ತಿರುಗಿ, ದನಿ ಇಳಿಸಿ, “ನೋಡ್ರೀ, ನಿಮ್ಮ ಗೆಳೆಯರು ಹೋಗಿ ಮೂರು ವರ್ಷ ಆಯ್ತು. ದಿನಾ ಸಂಜೆ ಆ ಶೆಡ್ಡಿಗೆ ಹೋಗಿ ಹೆಣ ಕಾಯೋ ಹಾಗೆ ಕೂತಿರ್ತೀರಿ. ನನಗೆ ನೋಡೋಕೆ ಆಗೋಲ್ಲ,” ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು.

ಕಾರನ್ನು ಕೊಂಡಿದ್ದು ಅವನೂ ಪಕ್ಕದ ಮನೆಯ ಗೆಳೆಯನೂ ಸೇರಿ. ಗೆಳೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದವನು. ಮುದ್ರಣದ ಮಷೀನು ಬಿಚ್ಚಿದವನಿಗೆ ಕಾರಿನ ಎಂಜಿನ್ನು ಯಾವ ಲೆಕ್ಕ ಎಂದು ಎದೆ ತಟ್ಟಿ ಹೇಳಿದ್ದ. ಎಂಜಿನ್ನು ಬಿಚ್ಚಿದ, ತೊಳೆದ, ಜೋಡಿಸಿದ. ಮೊದಲ ದಿನ ಮುಂದಿನಿಂದ ಸ್ಟಾರ್ಟ್ ಮಾಡುವ ಹಿಡಿಕೆ ಹಾಕಿ ತಿರುಗಿಸಿದಾಗ ಅದು ಸೀನು ಬಂದ ಮುದುಕನ ಹಾಗೆ ಒಮ್ಮೆ ಸೀನಿ ಸುಮ್ಮನಾಯಿತು. ಅಲ್ಲಿಂದ ಎಂಟು ವರ್ಷ ಗೆಳೆಯ ಅದರ ಬೆನ್ನು ಬಿಡಲಿಲ್ಲ. ವಾಲ್ವು ಸರಿಯಿಲ್ಲ ಎಂದು ಬಿಚ್ಚಿದ. ಪಂಪು ಸರಿಯಿಲ್ಲ ಎಂದು ಬದಲಿಸಿದ. ವೈರೆಲ್ಲ ಕಿತ್ತು ಹೊಸದು ಎಳೆದ. ಪ್ರತಿಸಲವೂ ಅದೇ ಸೀನು, ಅದೇ ಮೌನ. ಕೊನೆಗೆ ಎರಡು ಕಾರ್ಬುರೇಟರುಗಳನ್ನು ಬಿಚ್ಚಿ ತಟ್ಟೆಯಲ್ಲಿಟ್ಟು, “ನಾಳೆ ನೋಡೋಣ,” ಎಂದು ಮನೆಗೆ ಹೋದವನು ಆಸ್ಪತ್ರೆ ಸೇರಿದ. ವಾಪಸು ಬರಲಿಲ್ಲ.

ಅಷ್ಟೂ ವರ್ಷ ಕನ್ನಡಕಪ್ಪ ಮಾಡಿದ್ದು ಎರಡೇ ಕೆಲಸ. ಟಾರ್ಚು ಹಿಡಿಯುವುದು ಮತ್ತು ಕನ್ನಡಕದ ಬಟ್ಟೆಯಿಂದ ಕಾರಿನ ಮೈ ಒರೆಸುವುದು. ಎಂಜಿನ್ನಿನ ವಿಷಯದಲ್ಲಿ ಅವನಿಗೆ ತಿಳಿದದ್ದು ಅದು ಮುಂದುಗಡೆ ಇದೆ ಎನ್ನುವುದಷ್ಟೇ. ಇದು ಹೆಂಡತಿಯನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ದಿನಾ ಶೆಡ್ಡಿಗೆ ಹೋಗುವವನನ್ನು ಕಂಡು ಬೀದಿಯವರೆಲ್ಲ ದೊಡ್ಡ ಮೆಕ್ಯಾನಿಕ್ಕು ಎಂದುಕೊಂಡಿದ್ದರು. ಅವನೂ ಅಲ್ಲ ಎಂದಿರಲಿಲ್ಲ.

ಒಂಬತ್ತು ಗಂಟೆಗೆ ಮೊದಲನೆಯ ಗಿರಾಕಿ ಬಂದ. ಮದುವೆ ಫೋಟೋ ತೆಗೆಯುವವನಂತೆ. ಕಾರನ್ನು ನೋಡಿದ ಕೂಡಲೇ ಬೆರಗಾದ. “ಏನ್ ಸಾರ್ ಇದು, ನಿನ್ನೆ ಶೋರೂಮಿಂದ ಬಂದ ಹಾಗಿದೆ! ಏನು ಕೆಲಸ ಬಾಕಿ?”

“ಓಡೋದು ಬಾಕಿ,” ಎಂದ ಕನ್ನಡಕಪ್ಪ.

“ಅಂದ್ರೆ?”

“ಎಂಜಿನ್ನು ಒಂದು ಸಲವೂ ಸ್ಟಾರ್ಟ್ ಆಗಿಲ್ಲ. ಸೀಟು ಗೋಣಿಚೀಲದಲ್ಲಿದೆ. ಆ ವೈರುಗಳು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿದ್ದವನು ತೀರಿಕೊಂಡ.”

ಫೋಟೋದವನು ಕಾರಿನ ಎರಡು ಚಿತ್ರ ತೆಗೆದುಕೊಂಡು, ಕಾಫಿ ಕುಡಿದು, ಹೊರಟುಹೋದ. ಕನ್ನಡಕಪ್ಪನಿಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಾಗವಾಯಿತು. ಆದರೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಸ್ಟೇಷನ್ ಮಾಸ್ತರರಿಗೆ ಮೈ ಉರಿಯಿತು. ಎದುರುಮನೆಯ ಈ ಮಾಸ್ತರರು ನಿವೃತ್ತರಾಗಿ ಆರು ವರ್ಷವಾದರೂ ಬೀದಿಯಲ್ಲಿ ಏನು ಬಂದರೂ ಹೋದರೂ ತಾವೇ ಬಾವುಟ ತೋರಿಸಬೇಕು ಎನ್ನುವವರು.

“ಹೀಗಾ ರೀ ಮಾರೋದು? ಹೆಣ್ಣು ನೋಡೋಕೆ ಬಂದವರಿಗೆ ಹುಡುಗಿಯ ಕಾಯಿಲೆ ಪಟ್ಟಿ ಕೊಟ್ಟ ಹಾಗೆ! ಮುಂದಿನವರು ಬಂದಾಗ ನೀವು ಬಾಯಿ ಮುಚ್ಕೊಂಡಿರಿ. ನಾನು ಮಾತಾಡ್ತೀನಿ.”

ಮಾಸ್ತರರ ದನಿಗೆ ಪಕ್ಕದ ಮನೆಯಿಂದ ಅತ್ತಿಗೆಯೂ ಬಂದರು. ಗೆಳೆಯನ ಹೆಂಡತಿ. ಕನ್ನಡಕಪ್ಪ ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದುದು. “ಮಾರ್ತೀರಂತೆ?” ಎಂದರು. “ಮಾರಿ, ಪರವಾಗಿಲ್ಲ. ನಮ್ಮನೆಯವರು ಇದಕ್ಕೆ ಜೀವ ತೇಯ್ದಿದ್ದಾರೆ. ಆ ಎಂಜಿನ್ನಿನಲ್ಲಿ ಅವರ ಕೈ ಇದೆ ಅಂತ ಮಾತ್ರ ಬಂದವರಿಗೆ ಹೇಳಿ.”

“ಹೇಳ್ತೀನಿ ಅತ್ತಿಗೆ,” ಎಂದ ಕನ್ನಡಕಪ್ಪ.

ಹನ್ನೊಂದು ಗಂಟೆಗೆ ಕೊಡೆ ಹಿಡಿದ ಹೆಂಗಸೊಬ್ಬರು ಬಂದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಕಾರನ್ನು ಮೇಲಿಂದ ಕೆಳಗೆ ನೋಡುವ ಬದಲು ನೇರವಾಗಿ ಕೇಳಿದರು: “ಎಷ್ಟು ಕೆಲಸ ಬಾಕಿ ಇದೆ?”

“ಏನಿಲ್ಲ ತಾಯಿ, ಸ್ವಲ್ಪ...” ಎಂದು ಮಾಸ್ತರರು ಶುರುಮಾಡಿದರು.

“ಸ್ವಲ್ಪ ಆದ್ರೆ ಬೇಡ,” ಎಂದು ಕೊಡೆಯಮ್ಮ ತಿರುಗಿಬಿಟ್ಟರು.

ಆಕೆ ತಿರುಗಿದ್ದು ಗೊತ್ತಾಗದ ಕನ್ನಡಕಪ್ಪ, ಅವರನ್ನು ಪೂರ್ತಿ ಓಡಿಸಿಬಿಡುವ ಆಸೆಯಿಂದ ಶೆಡ್ಡಿನೊಳಗಿಂದಲೇ ಕೂಗಿದ: “ಸ್ವಲ್ಪ ಅಲ್ಲ ಅಮ್ಮಾ! ಹತ್ತು ವರ್ಷವಾದ್ರೂ ಮುಗಿಯೋಲ್ಲ!”

ಕೊಡೆಯಮ್ಮ ನಿಂತರು. “ನಿಜವಾಗ್ಲೂ ಹತ್ತು ವರ್ಷ?”

“ಎಂಟು ವರ್ಷ ಒಬ್ಬ ಬುದ್ಧಿವಂತ ತಲೆ ಕೆಡಿಸಿಕೊಂಡ. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ಲಿಲ್ಲ.”

“ಬಿಡಿಭಾಗ ಸಿಗುತ್ತಾ?”

“ಸಿಗೋದೇ ಇಲ್ಲ!”

ಕೊಡೆಯಮ್ಮನ ಮುಖ ಹುಣ್ಣಿಮೆಯಾಯಿತು. “ನಾನು ತಗೋತೀನಿ,” ಎಂದರು. ಕನ್ನಡಕಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಆಕೆ ವಿವರಿಸಿದರು: “ನಮ್ಮನೆಯವರು ನಿವೃತ್ತರಾಗಿ ಎಂಟು ತಿಂಗಳು. ಸುಮ್ಮನೆ ಕೂರೋಕೆ ಬರೋಲ್ಲ. ಮಿಕ್ಸಿ ಬಿಚ್ಚಿದ್ರು. ಫ್ಯಾನು ಬಿಚ್ಚಿದ್ರು. ಹೊಲಿಗೆ ಮಷೀನು ಬಿಚ್ಚಿದ್ರು. ಮೊನ್ನೆ ನಾನು ಮಲಗಿದ್ದಾಗ ನನ್ನ ಕಿವಿ ಮಷೀನನ್ನೂ ಬಿಚ್ಚಿದ್ರು. ಇನ್ನು ಮನೇಲಿ ಬಿಚ್ಚದೆ ಉಳಿದಿರೋದು ನಾನೊಬ್ಬಳೇ. ನಾನು ಸಾಯೋವರೆಗೂ ಮುಗಿಯದ ಕೆಲಸ ಒಂದು ಬೇಕಾಗಿತ್ತು.”

ಮಾಸ್ತರರು ಗಾಳಿ ಬೀಸಿದ ಕಡೆಗೆ ಬಾವುಟ ತಿರುಗಿಸಿದರು. “ಹಾಗಾದ್ರೆ ಇದಕ್ಕಿಂತ ಬೇರೆ ಸಿಗೋಲ್ಲ ತಾಯಿ! ಜೊತೆಗೆ ಇವರಿದ್ದಾರೆ. ಕಣ್ಣು ಕಟ್ಟಿ ಬಿಟ್ರೂ ಎಂಜಿನ್ನು ಬಿಚ್ಚೋ ಕೈ. ನಿಮ್ಮ ಯಜಮಾನರಿಗೆ ಇವರೇ ಕಲಿಸಿಕೊಡ್ತಾರೆ.”

“ಇನ್ನೂ ಒಳ್ಳೇದಾಯ್ತು. ಕಾರು ಇಲ್ಲೇ ಇರಲಿ. ಮನೆಗೆ ತಗೊಂಡು ಹೋದ್ರೆ ಅವರೂ ಮನೇಲೇ ಇರ್ತಾರಲ್ಲ! ಶೆಡ್ಡಿಗೆ ಬಾಡಿಗೆ ಕೊಡ್ತೀನಿ. ಬೆಳಿಗ್ಗೆ ಎಂಟಕ್ಕೆ ಕಳಿಸ್ತೀನಿ, ಸಂಜೆ ಆರಕ್ಕೆ ಬಂದು ಕರ್ಕೊಂಡು ಹೋಗ್ತೀನಿ.”

ಮಗುವನ್ನು ಶಾಲೆಗೆ ಸೇರಿಸುವ ಹಾಗೆ ಮಾತು ಮುಗಿಯಿತು. ಕನ್ನಡಕಪ್ಪ ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದ. ಅವಳು ಮುಂಗಡದ ಲಕೋಟೆಯನ್ನು ಆಗಲೇ ಸೆರಗಿನಲ್ಲಿ ಹಿಡಿದಿದ್ದಳು. ಗಂಡ ಒಬ್ಬನೇ ಕೂರುವುದು ತಪ್ಪುತ್ತದೆ ಎನ್ನುವ ನೆಮ್ಮದಿ ಅವಳಿಗೆ. ತನಗೆ ಬಾರದ ವಿದ್ಯೆಯನ್ನು ಗುರುತಿಲ್ಲದವರಿಗೆ ದಿನಕ್ಕೆ ಹತ್ತು ಗಂಟೆ ಕಲಿಸಬೇಕು ಎನ್ನುವ ದಿಗಿಲು ಅವನಿಗೆ. ಕಾರಿನ ಜೊತೆಗೆ ತಾನೂ ಮಾರಾಟವಾಗಿದ್ದೇನೆ ಎಂದು ಅವನಿಗೆ ತಿಳಿಯಲು ಊಟದ ಹೊತ್ತಾಯಿತು.

ಮೂರು ಗಂಟೆಗೆ ಕೊಡೆಯಮ್ಮ ಯಜಮಾನರನ್ನು ಕರೆತಂದರು. ಸಣ್ಣ ಆಳು, ಬಿಳಿ ಮೀಸೆ, ಹೆಗಲಲ್ಲಿ ಬಟ್ಟೆಯ ಚೀಲ. ಯಾರಿಗೂ ನಮಸ್ಕಾರ ಹೇಳದೆ ನೇರವಾಗಿ ಬಾನೆಟ್ಟು ಎತ್ತಿ ಇಣುಕಿದರು. ಶೆಡ್ಡಿನ ಬಾಗಿಲಲ್ಲಿ ಮಾಸ್ತರರು, ಕನ್ನಡಕಪ್ಪನ ಹೆಂಡತಿ, ಅತ್ತಿಗೆ ಎಲ್ಲರೂ ನಿಂತಿದ್ದರು.

ಕನ್ನಡಕಪ್ಪ ಗಂಟಲು ಸರಿಮಾಡಿಕೊಂಡು, “ಇದು... ಎಂಜಿನ್ನು,” ಎಂದು ಪಾಠ ಶುರುಮಾಡಿದ.

ಯಜಮಾನರು ಚೀಲದಿಂದ ಒಂದು ಸ್ಪಾನರು ತೆಗೆದರು. ಹಿಡಿಯುವ ಜಾಗದಲ್ಲಿ ಅದು ಸವೆದು ಹೊಳೆಯುತ್ತಿತ್ತು. ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಎಂಜಿನ್ನು ಬಿಚ್ಚಿ ಜೋಡಿಸಿದ ಸ್ಪಾನರು ಅದು ಎಂದು ಆಮೇಲೆ ತಿಳಿಯಿತು. ಒಂದು ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, “ಹಿಡಿಕೆ ತಿರುಗಿಸಿ, ನಿಧಾನ,” ಎಂದರು. ಕನ್ನಡಕಪ್ಪ ತಿರುಗಿಸಿದ. “ಸಾಕು.” ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ನೋಡಿದರು. ನಾಡಿ ಹಿಡಿದ ವೈದ್ಯನ ಹಾಗೆ ತಲೆಯಾಡಿಸಿದರು. ಆಮೇಲೆ ನಗತೊಡಗಿದರು.

“ಇದನ್ನ ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದಾರೆ. ಒಂದನೇ ಸಿಲಿಂಡರಿಗೆ ಬೇಕಾದ ಕಿಡಿ ನಾಲ್ಕನೇದಕ್ಕೆ ಹೋಗ್ತಿದೆ. ಬ್ರಹ್ಮ ಬಂದ್ರೂ ಸ್ಟಾರ್ಟ್ ಆಗೋಲ್ಲ.”

“ಅಷ್ಟೇನಾ?” ಎಂದರು ಅತ್ತಿಗೆ ಬಾಗಿಲಿನಿಂದ.

“ಅಷ್ಟೇ ಅಮ್ಮಾ. ಮಿಕ್ಕಿದ್ದೆಲ್ಲ ಚಿನ್ನದ ಹಾಗಿದೆ. ಎಂಟು ವರ್ಷ ಇದಕ್ಕಾ? ಯಾವ ಮಹಾನುಭಾವ ಇದನ್ನ ಕೂರಿಸಿದ್ದು?”

ಕನ್ನಡಕಪ್ಪನ ಕಣ್ಣ ಮುಂದೆ ಆ ದಿನ ಬಂತು. ತಾನು ಟಾರ್ಚು ಹಿಡಿದಿದ್ದು, ಗೆಳೆಯ ಅದನ್ನು ಒಳಗಿಳಿಸಿ ಕೈ ಒರೆಸಿಕೊಂಡು, “ನೋಡೋ, ಎಷ್ಟು ಚೊಕ್ಕವಾಗಿ ಕೂತ್ಕೊಳ್ತು!” ಎಂದು ಹಿಗ್ಗಿದ್ದು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

“ನಾನು,” ಎಂದ ಕನ್ನಡಕಪ್ಪ. “ಅವನು ಬೇಡ ಅಂದ. ನಾನೇ ಹಟ ಮಾಡಿ ಕೂರಿಸಿದೆ.”

“ಕಲಿಸಿಕೊಡೋ ಗುರುಗಳು ನೀವೇನಾ?” ಎಂದರು ಯಜಮಾನರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಅದು ಇನ್ನೂ ಹೆಚ್ಚು ಚುಚ್ಚಿತು.

“ನನಗೆ ಮೊದಲಿಂದಲೂ ಅನುಮಾನ ಇತ್ತು,” ಎಂದರು ಮಾಸ್ತರರು.

ಆಮೇಲೆ ಯಜಮಾನರನ್ನು ತಡೆಯುವವರು ಇರಲಿಲ್ಲ. ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಕಾರ್ಬುರೇಟರುಗಳನ್ನು ಜೋಡಿಸಿದರು. ವೈರುಗಳನ್ನು ಒಂದೊಂದಾಗಿ ಹಿಡಿದು ಅವುಗಳ ಮನೆ ಸೇರಿಸಿದರು. ಮಾಸ್ತರರು ತಮ್ಮ ಕಾರಿನ ಬ್ಯಾಟರಿಯನ್ನೇ ಬಿಚ್ಚಿ ಹೊತ್ತು ತಂದರು. ಸೀಟುಗಳೂ ಗೋಣಿಚೀಲದಿಂದ ಹೊರಬಂದು ಕೂತವು. ಮೂಲೆಯಲ್ಲಿ ಕೊಡೆಯಮ್ಮ ಗಳಿಗೆಗೊಮ್ಮೆ, “ನಾಳೆ ಮಾಡಿದ್ರಾಯ್ತು ಬಿಡ್ರೀ, ಸುಸ್ತಾಗಿರುತ್ತೆ,” ಎನ್ನುತ್ತಿದ್ದರು. ಅವರ ದನಿ ಬರಬರುತ್ತ ಅಳುವಂತಾಗುತ್ತಿತ್ತು.

ಆರು ಗಂಟೆಗೆ ಸರಿಯಾಗಿ ಎಂಜಿನ್ನು ಒಮ್ಮೆ ಕೆಮ್ಮಿತು. ಆಮೇಲೆ ತುಂಬು ಗಂಟಲಿನಿಂದ ಮಾತಾಡಿತು. ಶೆಡ್ಡಿನ ತಗಡೆಲ್ಲ ನಡುಗಿತು. ಬೀದಿಯ ನಾಯಿಗಳೆಲ್ಲ ಎದ್ದವು. ಕನ್ನಡಕಪ್ಪ ಹನ್ನೊಂದು ವರ್ಷ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ ಸದ್ದಿಗಿಂತ ಅದು ಎಷ್ಟೋ ಚೆನ್ನಾಗಿತ್ತು. ಅವನಿಗೆ ಅದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ.

ಯಜಮಾನರು ಎಂಜಿನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಪಾನರನ್ನು ಚೀಲಕ್ಕೆ ಹಾಕಿದರು. “ಮುಗೀತು. ನಡಿ ಮನೆಗೆ,” ಎಂದರು ಹೆಂಡತಿಗೆ.

“ಕಾರು ರೀ?” ಎನ್ನುತ್ತ ಕನ್ನಡಕಪ್ಪನ ಹೆಂಡತಿ ಲಕೋಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಓಡೋ ಕಾರಲ್ಲಿ ನನಗೇನು ಕೆಲಸ? ಬಸ್ಸಿದೆ.”

“ಹತ್ತು ವರ್ಷ ಅಂದ್ರಲ್ಲ!” ಎಂದು ಕೊಡೆಯಮ್ಮ ಕನ್ನಡಕಪ್ಪನ ಮೇಲೆ ಹರಿಹಾಯ್ದರು. “ನಂಬಿ ಬಂದೆ. ಮಿಕ್ಸಿಗೂ ಹೀಗೇ ಆಯ್ತು, ಫ್ಯಾನಿಗೂ ಹೀಗೇ ಆಯ್ತು. ಒಂದು ಗಂಟೇಲಿ ಸರಿಮಾಡಿ ಮತ್ತೆ ಬಂದು ನನ್ನ ಮುಂದೆ ಕೂರ್ತಾರೆ! ಕೊಡಿ ನನ್ನ ದುಡ್ಡು.” ಲಕೋಟೆ ಕಿತ್ತುಕೊಂಡು, ಬಿಚ್ಚದ ಕೊಡೆಯನ್ನು ನೆಲಕ್ಕೆ ಕುಟ್ಟುತ್ತ, ಮುಂದೆ ಹೋಗುತ್ತಿದ್ದ ಗಂಡನ ಹಿಂದೆ ಬಸ್ ಸ್ಟಾಪಿನತ್ತ ನಡೆದರು. ಮಾಸ್ತರರೂ ತಮ್ಮ ಬ್ಯಾಟರಿ ಹೊತ್ತುಕೊಂಡು ಹೊರಟರು. ಎದುರಿಗೆ ಸಿಕ್ಕ ಹಾಲಿನವನನ್ನು ನಿಲ್ಲಿಸಿ, “ಅರ್ಧ ಸುತ್ತಂತೆ ಕಣಯ್ಯಾ, ಬರೀ ಅರ್ಧ ಸುತ್ತು,” ಎನ್ನುತ್ತಿದ್ದುದು ಶೆಡ್ಡಿಗೆ ಕೇಳಿಸುತ್ತಿತ್ತು.

ಅತ್ತಿಗೆ ಮಾತ್ರ ನಿಂತಿದ್ದರು. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿ ಹತ್ತಿದ ಮೇಲೂ ತೆಗೆಯದೆ, ಹೇಳಿದರು: “ಆಸ್ಪತ್ರೇಲಿ ಮಲಗಿದ್ದಾಗಲೂ ವಾಲ್ವು ವಾಲ್ವು ಅಂತಿದ್ರು. ಈ ಸದ್ದು ಒಂದು ಸಲ ಕೇಳಿದ್ರೆ ಸಾಕು ಅಂತಿದ್ರು. ನೀವು ಕೈ ಹಾಕದೆ ಇದ್ದಿದ್ರೆ ಕೇಳಿಸಿಕೊಂಡೇ ಹೋಗ್ತಿದ್ರಲ್ಲ.”

ಕನ್ನಡಕಪ್ಪ ತಲೆ ತಗ್ಗಿಸಿದ. “ತಪ್ಪಾಯ್ತು ಅತ್ತಿಗೆ.”

ಅತ್ತಿಗೆ ಕೈ ತೆಗೆದು ಮನೆಯತ್ತ ನಡೆದರು. ಪಕ್ಕದ ಮನೆಯ ಬಾಗಿಲು ಮುಚ್ಚಿದ ಸದ್ದಾಯಿತು, ಚಿಲಕ ಹಾಕಿದ ಸದ್ದೂ ಆಯಿತು. ಆ ಬಾಗಿಲಿಗೆ ಸಂಜೆ ಹೊತ್ತಿನಲ್ಲಿ ಚಿಲಕ ಬಿದ್ದಿದ್ದು ಕನ್ನಡಕಪ್ಪ ಯಾವತ್ತೂ ಕೇಳಿರಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ನಿಂತಳು.

“ಸ್ಪಾನರಿನ ತಲೆ ಯಾವುದು ಬಾಲ ಯಾವುದು ಅಂತ ನಿಮಗೆ ಗೊತ್ತಿಲ್ಲ,” ಎಂದಳು ಮೆಲ್ಲಗೆ. “ನೀವು ಯಾವಾಗ ಕೂರಿಸಿದ್ರಿ ಅದನ್ನ? ಸತ್ತವರ ತಪ್ಪನ್ನ ತಲೆ ಮೇಲೆ ಯಾಕೆ ಎಳೆದುಕೊಂಡ್ರಿ?”

“ನನಗೇನು ಹೊಸದಲ್ಲ ಬಿಡು,” ಎಂದ ಕನ್ನಡಕಪ್ಪ. “ಅವನು ಬದುಕಿದ್ದಿದ್ರೂ ನನ್ನ ಮೇಲೇ ಹಾಕ್ತಿದ್ದ.”